ರಾಗಿಯೂ ಸೆರೆಯಲ್ಲಿತ್ತು

ನಮ್ಮ ಎರಡೆಕರೆ ರಾಗಿ ಕುಯ್ಲು ಮುಗೀತು. ಅರಿ ಒಣಗಿಸಿ, ಕಂತೆ ಕಟ್ಟಿ, ಮೊನ್ನೆ ಮೆದೆ ಒಟ್ಟಿದೆವು. ಇಳುವರಿ ಎಷ್ಟು ಅನ್ನೋದು ಒಕ್ಕಣೆ ಆದ ಮೇಲೆ ಬರೀತೀನಿ. ಇವತ್ತು ಬರೀತಿರೋದು ಕುಯ್ಲಿಗೆ ಬಂದಿದ್ದ ಒಬ್ಬ ಆಳಿನ ವಿಷಯ. ಅವನನ್ನ ಯಾಕೆ ಸೇರಿಸಿಕೊಂಡೆ ಅಂತ ಅಕ್ಕಪಕ್ಕದ ಜಮೀನಿನವರು ನಾಲ್ಕೈದು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಹೇಳಿಬಿಡ್ತೀನಿ.

ಅವನ ಹೆಸರು ಬರೆಯಲ್ಲ, ಗೊತ್ತಿರೋರಿಗೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮ ಸಾಲಿನ ಬೋರ್‌ವೆಲ್‌ಗಳ ಕೇಬಲ್ ಕತ್ತರಿಸಿ, ಒಳಗಿನ ತಾಮ್ರ ಮಾರಿಕೊಂಡವನು. ನನ್ನ ಕೇಬಲ್ಲೂ ಹೋಯ್ತು. ಹೊಸದು ಎಳೆಸೋವರೆಗೆ ಹನ್ನೊಂದು ದಿನ ನೀರಿಲ್ಲ, ಕಾಯಿ ಕಚ್ಚಿದ್ದ ಅರ್ಧ ಎಕರೆ ಟೊಮೆಟೊ ಕಣ್ಣೆದುರೇ ಬಾಡಿ ಹೋಯ್ತು. ಆಮೇಲೆ ಅವನು ಸಿಕ್ಕಿಬಿದ್ದ, ಜೈಲಿಗೆ ಹೋದ, ಕೆಲವು ತಿಂಗಳು ಇದ್ದು ಬಂದ. ಬಂದ ಮೇಲೆ ಅವನನ್ನ ಕೂಲಿಗೆ ಕರೆದವರೇ ಇಲ್ಲ.

ಈ ಶ್ರಾವಣದಲ್ಲಿ ರಾಗಿ ಕಳೆಗೆ ಆಳು ಸಿಗದೆ ನಾನು ಒದ್ದಾಡ್ತಿದ್ದಾಗ ಬದುವಿನ ಮೇಲೆ ಬಂದು ನಿಂತ. "ಅಣ್ಣ, ಕೆಲಸ ಇದ್ರೆ ಕೊಡಿ. ನಿಮ್ಮ ಕೇಬಲ್ ದುಡ್ಡು ವಾರವಾರ ಕೂಲೀಲಿ ಹಿಡ್ಕೊಳ್ಳಿ" ಅಂದ. ನಿಜ ಹೇಳ್ತೀನಿ, ನನಗೆ ಮೊದಲು ಬಂದದ್ದು ಸಿಟ್ಟು. ಏನೂ ಹೇಳದೆ ಕಳಿಸಿದೆ. ರಾತ್ರಿ ಊಟದ ಹೊತ್ತಲ್ಲಿ ಅವ್ವನ ಹತ್ತಿರ ಹೇಳಿದೆ. ಅವ್ವ ಮುದ್ದೆ ತಟ್ಟುತ್ತಾ, "ಕಳ್ಳತನ ಅವನು ಮಾಡಿದ ಕೆಲಸ ಕಣಪ್ಪ. ಬೇರೆ ಕೆಲಸ ಯಾರೂ ಕೊಡದೆ ಇದ್ರೆ ಅದನ್ನೇ ಮಾಡ್ತಾನೆ" ಅಂತು. ಅವತ್ತು ನನಗೆ ನಿದ್ದೆ ಬರಲಿಲ್ಲ.

ನಮ್ಮ ಮನೆ ಇರೋದು ಕುಂಬಾರಕೊಪ್ಪಲಿನಲ್ಲಿ, ಜಮೀನು ಇಲವಾಲದ ಕಡೆ. ಕೊಪ್ಪಲು ಈಗ ಪೂರ್ತಿ ಮೈಸೂರು ಸಿಟಿಯೊಳಗೆ ಸೇರಿಹೋಗಿದೆ. ತಿಗರಿ, ಆವಿಗೆ ಕಾಣೋದೇ ಅಪರೂಪ. ಆದರೂ ಊರಿನ ಹೆಸರಲ್ಲಿ ಕುಂಬಾರ ಉಳಿದಿದ್ದಾನೆ. ಆ ಹೆಸರು ಕೇಳಿದಾಗೆಲ್ಲ ನನಗೆ ಕುಂಬಾರ ಗುಂಡಯ್ಯನ ನೆನಪು. ಬೀದರ್ ಕಡೆಯ ಭಾಲ್ಕಿಯವನು ಅಂತಾರೆ. ಹರಿಹರ ಕವಿ ಇವನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಗುಂಡಯ್ಯ ಯಾವ ಕಾಡಿಗೂ ತಪಸ್ಸಿಗೆ ಹೋಗಲಿಲ್ಲ. ದಿನಾ ಮಣ್ಣು ತುಳಿದ, ಮಡಕೆ ತಟ್ಟಿದ. ಆ ಮಡಕೆ ಬಡಿಯೋ ಸದ್ದಿಗೆ ಶಿವನೇ ಬಂದು ಕುಣಿದ ಅನ್ನೋದು ಕಥೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನನಗೆ ಮುಖ್ಯ ಅನ್ನಿಸೋದು, ಶಿವ ಹುಡುಕಿಕೊಂಡು ಬಂದದ್ದು ಕೆಲಸ ನಡೆಯೋ ಜಾಗಕ್ಕೆ ಅನ್ನೋದು.

ಸರಿ, ಗುಂಡಯ್ಯ ತಪ್ಪು ಮಾಡಿದವನಲ್ಲ, ಕಳ್ಳನ ಕಥೆ ಬೇರೆ ಅಂತೀರಿ. ಶರಣರಲ್ಲಿ ಕನ್ನದ ಮಾರಿತಂದೆ ಅಂತ ಒಬ್ಬ ಇದ್ದ. ಕನ್ನ ಅಂದರೆ ಗೋಡೆ ಕೊರೆದು ಮನೆಗೆ ನುಗ್ಗೋದು. ಅವನ ಕಸುಬೇ ಅದು. ಅಂಥವನು ಶರಣನಾದ, ವಚನ ಬರೆದ. ಸಿಕ್ಕಿರೋದು ಬೆರಳೆಣಿಕೆಯಷ್ಟು ಮಾತ್ರ. ಅದರಲ್ಲೂ ಕನ್ನ, ಕತ್ತಿ, ಕತ್ತಲೆ ಅನ್ನೋ ತನ್ನ ಹಳೇ ಕಸುಬಿನ ಮಾತನ್ನೇ ಇಟ್ಟುಕೊಂಡು ದೇವರ ವಿಷಯ ಹೇಳ್ತಾನೆ. ಎಂಟುನೂರು ವರ್ಷ ದಾಟಿದರೂ 'ಕನ್ನದ' ಅನ್ನೋದು ಅವನ ಹೆಸರಿನಿಂದ ಹೋಗಿಲ್ಲ. ಹೋಗಬೇಕಾಗೂ ಇಲ್ಲ. ಅವನು ಹಳೇದನ್ನ ಮುಚ್ಚಿಡಲಿಲ್ಲ, ಶರಣರು ಅದನ್ನೇ ಹಿಡಿದು ಹೊರಗೂ ಇಡಲಿಲ್ಲ. ಹೆಂಡ ಮಾರುತ್ತಿದ್ದ ಮಾರಯ್ಯನಿಗೂ, ಸೂಳೆ ಅಂತ ಊರು ಕರೆದ ಸಂಕವ್ವೆಗೂ ಅವರ ಸಾಲಲ್ಲಿ ಜಾಗ ಇತ್ತು.

ಇನ್ನು ನಮ್ಮ ರಾಗಿಯನ್ನೇ ನೋಡಿ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಅಂತ ಜಗಳ. ಕೀಳು ಜನರ ಊಟ ಅಂತ ಭತ್ತ ರಾಗಿಯನ್ನ ಹೀಯಾಳಿಸುತ್ತೆ. ರಾಮ ತಕ್ಷಣ ತೀರ್ಪು ಕೊಡೋದಿಲ್ಲ, ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸ್ತಾನೆ. ಆಮೇಲೆ ತೆಗೆಸಿ ನೋಡಿದರೆ ಭತ್ತ ಸೊರಗಿತ್ತು, ರಾಗಿ ಹಾಗೇ ಗಟ್ಟಿಯಾಗಿತ್ತು. ಆಗ ರಾಮ ತನ್ನ ರಾಘವ ಅನ್ನೋ ಹೆಸರನ್ನೇ ಅದಕ್ಕೆ ಕೊಡ್ತಾನೆ. ಇದನ್ನ ಬರೆದ ಕನಕದಾಸರೂ ಹುಟ್ಟಾ ದಾಸರಲ್ಲ. ಹಾವೇರಿ ಕಡೆಯ ಬಾಡದಲ್ಲಿ ತಿಮ್ಮಪ್ಪ ನಾಯಕ ಅಂತ ಕತ್ತಿ ಹಿಡಿದಿದ್ದವರು. ಸೆರೆಯಲ್ಲಿದ್ದು ಬಂದ ಧಾನ್ಯದ ಮುದ್ದೆ ದಿನಾ ಉಣ್ಣೋ ನಾವು, ಸೆರೆಯಲ್ಲಿದ್ದು ಬಂದ ಮನುಷ್ಯನನ್ನ ಬದುವಿನ ಮೇಲೆ ನಿಲ್ಲೋದಕ್ಕೂ ಬಿಡದಿದ್ದರೆ ಹೇಗೆ?

ದೇವರು ಎತ್ತಿಕೊಂಡ ಅಂದ ಮಾತ್ರಕ್ಕೆ ಎಲ್ಲ ಮುಗಿಯಲ್ಲ. ಮಾರನೇ ದಿನದಿಂದ ಆ ಮನುಷ್ಯ ದಿನಾ ಎದ್ದು ಕೆಲಸ ಮಾಡಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯ ಅಂತ ವಿಜ್ಞಾನಿ ಇದ್ದರಲ್ಲ, ಅವರ ಕೆಲಸ ನೆನೆಸಿಕೊಳ್ಳಿ. ರಾಗಿ ಹೂವು ತೀರಾ ಸಣ್ಣದು, ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತೆ. ಅದರಲ್ಲಿ ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನ ತೆಗೆದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ಒಂದು ದಿನದ ಪವಾಡ ಅಲ್ಲ ಅದು, ವರ್ಷಾನುಗಟ್ಟಲೆ ತೆನೆ ಮುಂದೆ ಕೂತು ಮಾಡಿದ ಕೆಲಸ. ಅವರ ಮುಖ ನೋಡದ ಎಷ್ಟೋ ರೈತರು ಆ ಬೀಜ ಬಿತ್ತಿದರು, ಮಕ್ಕಳನ್ನ ಸಾಕಿದರು. ಹಿಂದೆ ಬಿಟ್ಟು ಹೋಗೋದು ಅಂದರೆ ಇದೇ.

ನಮ್ಮ ಆಳಿಗೂ ನಾನು ಕೊಟ್ಟದ್ದು ಅಂಥ ಒಂದೊಂದೇ ದಿನದ ಕೆಲಸ. ಕಳೆಯಿಂದ ಕುಯ್ಲಿನವರೆಗೆ ಬಂದ. ಸುಳ್ಳು ಯಾಕೆ, ಎರಡು ಸಲ ಕುಡಿದು ಹೇಳದೆ ಕೇಳದೆ ತಪ್ಪಿಸಿಕೊಂಡ. ಒಂದು ಸಲ ಬೈದು ವಾಪಸ್ ಕಳಿಸಿದೆ, ಮಾರನೇ ದಿನ ಬೆಳಕು ಹರಿಯೋಕೆ ಮುಂಚೆ ಬಂದು ಕೂತಿದ್ದ. ವಾರಕ್ಕೆ ಇನ್ನೂರು ರೂಪಾಯಿ ಹಿಡ್ಕೊಳ್ತಿದ್ದೀನಿ, ಅವನೇ ಹೇಳಿದ ಲೆಕ್ಕ. ಮೋಟರ್ ಮನೆ ಬೀಗದ ಕೈ ನನ್ನ ಹತ್ತಿರವೇ ಇದೆ. ಅವನೂ ಕೇಳಿಲ್ಲ, ನಾನೂ ಕೊಟ್ಟಿಲ್ಲ. ನಂಬಿಕೆ ಮೊದಲ ಮಳೆಗೇ ಬೆಳೆಯಲ್ಲ, ಹದ ನೋಡಿ ಬಿತ್ತಬೇಕು. ಆದರೆ ಬಿತ್ತದೇ ಇದ್ದರೆ ಯಾವತ್ತೂ ಬೆಳೆಯಲ್ಲ.

"ನಿಮ್ಮ ದುಡ್ಡು ನಿಮಗೆ ಬರ್ತಿದೆ, ನಮ್ಮದು?" ಅಂತ ಪಕ್ಕದ ಜಮೀನಿನ ಅಣ್ಣ ಕೇಳಿದ್ದು ಸರಿಯಾದ ಮಾತೇ. ಅವರ ನಷ್ಟ ನನಗಿಂತ ದೊಡ್ಡದು. ಮರೆತುಬಿಡಿ ಅಂತ ಅವರಿಗೆ ಹೇಳೋಕೆ ನನಗೆ ಹಕ್ಕಿಲ್ಲ. ಆದರೆ ಅವರದೂ ತೀರಬೇಕು ಅಂದರೆ ಅವನಿಗೆ ಕೂಲಿ ಸಿಗಬೇಕು. ಅವನನ್ನ ಓಡಿಸಿಬಿಟ್ಟರೆ ಯಾರ ಕೇಬಲ್ ದುಡ್ಡೂ ವಾಪಸ್ ಬರಲ್ಲ. ಅವನ ಮಗ ಆರನೇ ಕ್ಲಾಸಲ್ಲಿ ಓದ್ತಿದ್ದಾನೆ. ಆ ಹುಡುಗನನ್ನ ಊರು ನಾಳೆ ಕೇಬಲ್ ಕಳ್ಳನ ಮಗ ಅಂತ ಕರೀಬೇಕೋ, ಸಾಲ ತೀರಿಸಿದವನ ಮಗ ಅಂತ ಕರೀಬೇಕೋ? ಅದು ಅವನ ಕೈಲಿ ಅರ್ಧ, ನಮ್ಮ ಕೈಲಿ ಅರ್ಧ.

ಮುಂದಿನ ವಾರ ನಮ್ಮಲ್ಲಿ ಒಕ್ಕಣೆ. ಅದಾದ ಮೇಲೆ ಅವನಿಗೆ ನನ್ನ ಹತ್ತಿರ ಕೆಲಸ ಇಲ್ಲ. ಯಾರಿಗಾದರೂ ಮೆದೆ ಒಟ್ಟೋದಕ್ಕೆ, ಗೊಬ್ಬರ ಹೊರೋದಕ್ಕೆ ಆಳು ಬೇಕಿದ್ದರೆ ನನಗೆ ಹೇಳಿ. ಮೊದಲ ದಿನ ನಾನೇ ಕರೆದುಕೊಂಡು ಬರ್ತೀನಿ, ಸಂಜೆವರೆಗೂ ಜೊತೇಲೇ ಇರ್ತೀನಿ.