ಯಂತ್ರದ ಮೈಗೆ ಬಣ್ಣ, ಹೊಟ್ಟೆಯಲ್ಲಿ ಕೊಳೆ

ಆಯುಧಪೂಜೆಗೆ ಇನ್ನೂ ಒಂದು ವಾರವಿರುವಾಗಲೇ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ ಥಿನ್ನರಿನ ವಾಸನೆ ಏಳುತ್ತದೆ. ಲೇತು, ಡ್ರಿಲ್ಲು, ಮಿಲ್ಲಿಂಗ್ ಯಂತ್ರ ಎಲ್ಲಕ್ಕೂ ಹಸಿರೋ ಬೂದಿಯೋ ಯಾವುದೋ ಒಂದು ಬಣ್ಣ ಬೀಳುತ್ತದೆ. ಬಾಳೆಕಂದು ಕಟ್ಟಿ, ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಮಾಲೀಕರು ಸಿಹಿ ಹಂಚುತ್ತಾರೆ. ಪೂಜೆಯನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ; ದುಡಿಯುವವನು ತನಗೆ ಅನ್ನ ಕೊಡುವ ಉಪಕರಣಕ್ಕೆ ಕೈಮುಗಿದರೆ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಹೋದ ದಸರೆಯಲ್ಲಿ ಒಂದು ಶೆಡ್ಡಿನೊಳಗೆ ಮಂಗಳಾರತಿಗೆ ನಿಂತಾಗ, ಕರ್ಪೂರದ ಪರಿಮಳವನ್ನೂ ಮೀರಿ ಕೊಳೆತ ಮೊಟ್ಟೆಯಂಥ ನಾತವೊಂದು ಮೂಗಿಗೆ ಬಡಿಯಿತು. ಅದು ಬರುತ್ತಿದ್ದುದು ಹೊಸ ಬಣ್ಣದಿಂದ ಥಳಥಳಿಸುತ್ತಿದ್ದ ಮಿಲ್ಲಿಂಗ್ ಯಂತ್ರದ ಬುಡದಿಂದ.

ಪಕ್ಕದಲ್ಲಿದ್ದ ಹೆಲ್ಪರ್ ಹುಡುಗನನ್ನು ಕೇಳಿದೆ: "ಕೂಲಂಟ್ ಟ್ಯಾಂಕ್ ತೊಳೆದದ್ದು ಯಾವಾಗಪ್ಪ?"

"ನಾನು ಸೇರಿದ ಮೇಲೆ ತೊಳೆದಿಲ್ಲಣ್ಣ."

"ಸೇರಿ ಎಷ್ಟು ದಿನ ಆಯ್ತು?"

"ಬರೋ ಸಂಕ್ರಾಂತಿಗೆ ಎರಡು ವರ್ಷ."

ಅವನ ಬೆರಳ ಸಂದುಗಳು ಬಿರಿದು ಕೆಂಪಾಗಿದ್ದವು. ಪ್ರಸಾದವನ್ನು ಅಂಗೈಯಲ್ಲಿ ತೆಗೆದುಕೊಳ್ಳಲು ಹಿಂಜರಿದು ಎಲೆಯಲ್ಲಿ ಹಾಕಿಸಿಕೊಂಡ.

ಯಂತ್ರ ಬಲ್ಲವರು ಮನ್ನಿಸಬೇಕು, ಅರಿಯದ ವಾಚಕರಿಗಾಗಿ ಎರಡು ಮಾತು. ಮಿಲ್ಲಿಂಗ್ ಯಂತ್ರದ ಕಟ್ಟರ್ ತಿರುಗುತ್ತಾ ಉಕ್ಕನ್ನು ಕೊರೆಯುವಾಗ ಹುಟ್ಟುವ ಶಾಖವನ್ನು ತಣಿಸಲು ಹಾಲಿನಂಥ ಬಿಳಿಯ ದ್ರವವನ್ನು ಹರಿಸುತ್ತಾರೆ. ಸುಮಾರು 20 ಪಾಲು ನೀರಿಗೆ ಒಂದು ಪಾಲು ಕಟಿಂಗ್ ಆಯಿಲ್. ಬುಡದ ಟ್ಯಾಂಕಿನಿಂದ ಪಂಪು ಅದನ್ನು ಮೇಲೆತ್ತುತ್ತದೆ, ಲೋಹದ ಚೂರುಗಳೊಡನೆ ಅದು ಮತ್ತೆ ಟ್ಯಾಂಕಿಗೇ ಇಳಿಯುತ್ತದೆ. ದಿನವಿಡೀ ಇದೇ ಸುತ್ತು. ನೀರು ಆವಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನ ಲವಣವೂ ಹೋಗುವುದಿಲ್ಲ. ಮತ್ತೆ ಮತ್ತೆ ಸುರಿದಷ್ಟೂ ಅದು ಒಳಗೇ ಸೇರುತ್ತಾ ಹೋಗುತ್ತದೆ. ಯಂತ್ರದ ಜಾರುದಾರಿಗೆ ಹಾಕಿದ ಎಣ್ಣೆಯೂ ಸೋರಿ ಬಂದು ಟ್ಯಾಂಕಿನ ಮೇಲೆ ಕೆನೆಯಂತೆ ನಿಲ್ಲುತ್ತದೆ. ಶನಿವಾರ ಸಂಜೆ ಪಂಪು ನಿಂತಿತೆಂದರೆ ಆ ಕೆನೆಯ ಕೆಳಗೆ ಗಾಳಿಯಾಡುವುದಿಲ್ಲ. ಗಾಳಿಯಿಲ್ಲದ ಕಡೆಯಲ್ಲೇ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲವೇ ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ಎದುರುಗೊಳ್ಳುವ ನಾತ.

ಇದಕ್ಕೆ ನಮ್ಮಲ್ಲಿ ನಡೆಯುವ ಉಪಚಾರವೇನು? ಒಂದು ಮುಚ್ಚಳ ಫಿನಾಯಿಲ್! ಇಲ್ಲವೇ ಹಳೆಯದರ ಮೇಲೆ ಹೊಸ ಎಣ್ಣೆ ಸುರಿಯುವುದು. ಮೂಲೆಯಲ್ಲಿ ಕೆಸರು ಉಳಿದಿರುವ ಟ್ಯಾಂಕಿಗೆ ಹೊಸ ಕೂಲಂಟ್ ಹಾಕುವುದೆಂದರೆ ಹುಳಿ ಮೊಸರಿನ ಗಡಿಗೆಯನ್ನು ತೊಳೆಯದೆ ಹಾಲು ಹುಯ್ದ ಹಾಗೆ. ಕೆಲವೇ ದಿನಗಳಲ್ಲಿ ಅದೂ ಕೆಡುತ್ತದೆ. ಕೆಟ್ಟ ಕೂಲಂಟಿನಿಂದ ಯಂತ್ರಕ್ಕೆ ತುಕ್ಕು, ಕಟ್ಟರಿಗೆ ಸವೆತ. ಮಾಲೀಕರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ, ಟ್ಯಾಂಕ್ ತೊಳೆಯದೆ ಉಳಿಸಿದ ಅರ್ಧ ದಿನದ ಕೂಲಿ ಕಟ್ಟರಿನ ಖರ್ಚಿನಲ್ಲಿ ಸೋರಿಹೋಗುತ್ತದೆ.

ಯಂತ್ರದ ಮಾತು ಹಾಗಿರಲಿ. ಆ ದ್ರವದಲ್ಲಿ ದಿನಕ್ಕೆ ಎಂಟು ಗಂಟೆ ಕೈಯಾಡಿಸುವವನ ಗತಿಯೇನು? ಮೊದಲು ಕೈ ನವೆ, ಆಮೇಲೆ ಬಿರುಕು. ಕಂಪ್ರೆಸರ್ ಗಾಳಿ ಹಿಡಿದು ಚೂರು ಹಾರಿಸುವಾಗ ಏಳುವ ಮಂಜು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಒಂದು ಮೋಟಾರ್ ಎಂಜಿನ್ ಕಾರ್ಖಾನೆಯಲ್ಲಿ 2003-04ರಲ್ಲಿ 80ಕ್ಕೂ ಹೆಚ್ಚು ಕಾರ್ಮಿಕರು ಆಸ್ತಮಾ ಮತ್ತು ಶ್ವಾಸಕೋಶದ ಉರಿಯೂತಕ್ಕೆ ಗುರಿಯಾದರು. ಕೆಟ್ಟ ದ್ರವದ ಮಂಜೇ ಅದಕ್ಕೆ ಕಾರಣವೆಂದು ಸರ್ಕಾರಿ ತಪಾಸಣೆ ಕಂಡಿತು. ಅದು ಅಷ್ಟು ದೊಡ್ಡ ಕಾರ್ಖಾನೆ, ಅಷ್ಟು ಮುಂದುವರಿದ ದೇಶ. ನಮ್ಮ ತಗಡಿನ ಶೆಡ್ಡುಗಳಲ್ಲಿ ಎಷ್ಟು ಜನ ಕೆಮ್ಮುತ್ತಿದ್ದಾರೆಂದು ಲೆಕ್ಕವಿಟ್ಟವರಾರು? ಕೆಮ್ಮಿದರೆ ಬೀಡಿಯ ಮೇಲೆ ಆರೋಪ, ಅಲ್ಲಿಗೆ ಮುಗಿಯಿತು.

ಹತ್ತಿ ಗಿರಣಿಯ ಬಂಧುಗಳು "ಇದು ಲೇತ್ ಹುಡುಗರ ಗೋಳು, ನಮಗೇನು?" ಎನ್ನಬಹುದು. ಹಾಗೆನ್ನುವ ಮೊದಲು ಲ್ಯಾಂಕಾಶೈರಿನ ಕಥೆ ಕೇಳಿ. ಅಲ್ಲಿ ಮ್ಯೂಲ್ ಎಂಬ ನೂಲುವ ಯಂತ್ರದ ಕದಿರುಗಳಿಂದ ಸಿಡಿದ ಖನಿಜ ತೈಲ ನೂಲುಗಾರರ ಬಟ್ಟೆಗೆ ತೊಯ್ದು, ವರ್ಷಗಟ್ಟಲೆ ಮೈಗೆ ಉಜ್ಜಿ, ವೃಷಣದ ಚರ್ಮಕ್ಕೆ ಕ್ಯಾನ್ಸರ್ ತಂದಿತು. ಮ್ಯಾಂಚೆಸ್ಟರಿನ ವೈದ್ಯರು ಅದನ್ನು ಲೋಕಕ್ಕೆ ತಿಳಿಸಿದ್ದು 1922ರಲ್ಲಿ. ಮ್ಯೂಲುಗಳಿಗೆ ಎಂಥ ಎಣ್ಣೆ ಹಾಕಬೇಕೆಂದು ಬ್ರಿಟಿಷ್ ಸರ್ಕಾರ ನಿಯಮ ಮಾಡಿದ್ದು 1953ರಲ್ಲಿ. ನಡುವೆ 31 ವರ್ಷ! ಆ ನೂಲುಗಾರರಿಗೆ ಬೇಕಾಗಿದ್ದುದು ಶುದ್ಧವಾದ ಎಣ್ಣೆ, ಒಗೆದ ಬಟ್ಟೆ, ವೈದ್ಯರ ತಪಾಸಣೆ, ಇಷ್ಟೇ. ಎಣ್ಣೆ ನೂಲುಗಾರನಿಗೂ ಮಿಲ್ಲಿಂಗ್ ಕೆಲಸಗಾರನಿಗೂ ಭೇದವೆಣಿಸುವುದಿಲ್ಲ.

ನಮ್ಮ ಕಾನೂನು ಏನೂ ಹೇಳಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆಯು ಖನಿಜ ತೈಲದಿಂದ ಬರುವ ಚರ್ಮರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ವಿದ್ಯುತ್ತು ಬಳಸುವ ಕಡೆ 10 ಮಂದಿ ದುಡಿದರೆ ಅದನ್ನು ಕಾರ್ಖಾನೆಯೆಂದು ಎಣಿಸುತ್ತಿತ್ತು. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಹನ್ನೆರಡೋ ಹದಿನೈದೋ ಮಂದಿ ದುಡಿಯುವ ಶೆಡ್ಡು ಒಂದೇ ರಾತ್ರಿಯಲ್ಲಿ "ಕಾರ್ಖಾನೆ"ಯಾಗಿ ಉಳಿಯಲಿಲ್ಲ. ಟ್ಯಾಂಕಿನ ನಾತವೇನೂ ರಾತ್ರೋರಾತ್ರಿ ಕಡಿಮೆಯಾಗಲಿಲ್ಲ.

ಇನ್ನು ಬಣ್ಣ. ಯಂತ್ರಕ್ಕೆ ತಿಳಿಬಣ್ಣ ಬಳಿಯುವುದು ಅಂದಕ್ಕಲ್ಲ. ಎಲ್ಲಿ ಎಣ್ಣೆ ಸೋರಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ಕಣ್ಣಿಗೆ ಕಾಣಲೆಂದು. ನಮ್ಮವರು ಬಳಿಯುವ ರೀತಿಯಲ್ಲಿ ಅದು ಕಾಣದಂತೆ ಮುಚ್ಚುವ ಪರದೆಯಾಗಿದೆ. ಜಿಡ್ಡು ತೆಗೆಯದೆ ಬಳಿದ ಎನಾಮಲ್ ಪದರಪದರವಾಗಿ ಏಳುತ್ತದೆ. ಎಣ್ಣೆಯ ಮಟ್ಟ ನೋಡುವ ಗಾಜಿನ ಮೇಲೂ, ಅಳತೆಯ ಗೆರೆಗಳ ಮೇಲೂ ಕುಂಚ ಎಳೆದಿರುವುದನ್ನು ನಾನೇ ನೋಡಿದ್ದೇನೆ. ಕೆಲವರು ಟ್ಯಾಂಕಿನ ಒಳಗೂ ಅದೇ ಎನಾಮಲ್ ಬಳಿಯುತ್ತಾರೆ. ಕೂಲಂಟು ಕ್ಷಾರಗುಣದ್ದು, ಬಣ್ಣವನ್ನು ಮೆತ್ತಗಾಗಿಸಿ ಕಿತ್ತು ಪಂಪಿನ ಜಾಲರಿಗೆ ತುಂಬುತ್ತದೆ. ಒಳಗೆ ಬಳಿಯಲೇಬೇಕಿದ್ದರೆ ಲೋಹ ಕಾಣುವವರೆಗೆ ತಿಕ್ಕಿ, ಎರಡು ಭಾಗ ಬೆರೆಸುವ ಎಪಾಕ್ಸಿ ಬಳಿಯಬೇಕು. ಅದಾಗದಿದ್ದರೆ ಬರಿದೇ ಬಿಡುವುದು ಮೇಲು. ಸರಿಯಾದ ಹದದ ಕೂಲಂಟೇ ತುಕ್ಕನ್ನು ತಡೆಯುತ್ತದೆ.

ಹಳೆಯ ಬಣ್ಣ ಕೆರೆಯುವ ಹುಡುಗರಿಗೂ ಒಂದು ಎಚ್ಚರಿಕೆ. ಹಳೆಯ ಯಂತ್ರಗಳ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು, ಆದರೆ ಅದು ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಿಗಾಗಿ ಮಾಡಿದ್ದು. ಗೋಡೆಗೊಂದು ನ್ಯಾಯ, ಯಂತ್ರದೆದುರು ನಿಲ್ಲುವವನಿಗೊಂದು ನ್ಯಾಯ! ಒಣ ಮರಳುಕಾಗದದಿಂದ ತಿಕ್ಕಿ ಆ ಧೂಳು ಕುಡಿಯಬೇಡಿ. ಒದ್ದೆ ಮಾಡಿ ಕೆರೆಯಿರಿ, ಊಟಕ್ಕೆ ಮೊದಲು ಕೈ ಬಾಯಿ ತೊಳೆಯಿರಿ.

ಸಣ್ಣ ಶೆಡ್ಡಿನ ಮಾಲೀಕನನ್ನೇ ಎಲ್ಲಕ್ಕೂ ದೂರುವುದು ನ್ಯಾಯವಲ್ಲವೆಂದು ನಾನು ಬಲ್ಲೆ. ಆತನೂ ಎಷ್ಟೋ ಸಲ ನಿನ್ನೆಯ ಕಾರ್ಮಿಕನೇ. ದೊಡ್ಡ ಕಂಪನಿ ಜಾಬ್ ವರ್ಕಿನ ದರವನ್ನು ಪೈಸೆಗೆ ಪೈಸೆ ಹಿಂಡುತ್ತದೆ, ಬಿಲ್ಲಿನ ಹಣಕ್ಕೆ ತಿಂಗಳುಗಟ್ಟಲೆ ಕಾಯಿಸುತ್ತದೆ. ಆ ದರದಲ್ಲಿ ಟ್ಯಾಂಕ್ ತೊಳೆಯುವ ಹೊತ್ತಿಗೆ ಬೆಲೆಯಿಲ್ಲ. ಕೆಟ್ಟ ಕೂಲಂಟನ್ನು ಚರಂಡಿಗೆ ಬಿಡಬಾರದು, ಅದು ಅಪಾಯಕಾರಿ ತ್ಯಾಜ್ಯ ಎಂಬ ನಿಯಮವಿದೆ. ಪರವಾನಗಿ ಇದ್ದವರನ್ನು ಕರೆಸಿ ಒಂದು ಡ್ರಮ್ಮು ಕೊಡುವ ಖರ್ಚು ಒಬ್ಬನಿಗೆ ಭಾರ. ಲೋಹಿಯಾ ಅವರು 1952ರಲ್ಲಿ ಪಚಮಢಿಯಲ್ಲಿ ಸಣ್ಣ ಯಂತ್ರದ ಪರವಾಗಿ ವಾದಿಸಿದಾಗ, ದೊಡ್ಡವರ ಕೊಳೆಯನ್ನು ಹೊರುವ ಸಣ್ಣ ಯಂತ್ರ ಅವರ ಮನಸ್ಸಿನಲ್ಲಿರಲಿಲ್ಲ.

ಆದ್ದರಿಂದ ಈ ಕೆಲಸ ಒಬ್ಬೊಬ್ಬರಿಂದ ಆಗುವಂಥದ್ದಲ್ಲ. ವಸಾಹತಿನ ಶೆಡ್ಡುಗಳು ಸೇರಿ ಸಹಕಾರಿ ರೀತಿಯಲ್ಲಿ ಕೆಟ್ಟ ದ್ರವ ಕೂಡಿಡಲು ಒಂದು ಜಾಗ ಮಾಡಲಿ. ಹದ ಅಳೆಯುವ ರಿಫ್ರ್ಯಾಕ್ಟೋಮೀಟರ್ ಅಂಗೈಯಷ್ಟು ಉದ್ದದ ಸಾಧನ. ಹತ್ತು ಶೆಡ್ಡಿಗೆ ಒಂದು ಸಾಕು. ಆವಿಯಾದ ನೀರಿಗೆ ಬದಲಾಗಿ ಬರಿ ನೀರನ್ನಲ್ಲ, ತೆಳ್ಳಗೆ ಕಲಸಿದ ಕೂಲಂಟನ್ನು ಸೇರಿಸಲಿ. ಕಲಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ತಿರುವುಮುರುವಾದರೆ ಅದು ಕೂಡಿಕೊಳ್ಳುವುದಿಲ್ಲ. ಮೇಲೆ ನಿಂತ ಎಣ್ಣೆಯನ್ನು ಶನಿವಾರ ಸಂಜೆ ತೆಗೆದುಬಿಟ್ಟರೆ ಸೋಮವಾರದ ನಾತ ಎಷ್ಟೋ ಇಳಿಯುತ್ತದೆ.

ಕಾರ್ಮಿಕ ಸಂಘಗಳು ಮಾಡಬೇಕಾದ್ದು ಬೇರೆ ಇದೆ. ಟ್ಯಾಂಕ್ ತೊಳೆಯುವುದನ್ನು ಭಾನುವಾರದ ಬಿಟ್ಟಿ ಚಾಕರಿಯೆಂದು ಹೆಲ್ಪರ್ ತಲೆಗೆ ಕಟ್ಟುವ ಪದ್ಧತಿ ನಿಲ್ಲಬೇಕು. ಅದು ಕೆಲಸ. ಪಾಳಿಯ ಹೊತ್ತಿನಲ್ಲಿ, ಕೂಲಿ ಸಮೇತ, ಕೈಗವಸು ಕೊಟ್ಟು ಮಾಡಿಸಬೇಕಾದ ಕೆಲಸ. ಮುಂದಿನ ಮಾತುಕತೆಯಲ್ಲಿ ಬೇಡಿಕೆಗಳ ಪಟ್ಟಿ ಬರೆಯುವವರು ಬೋನಸ್ಸಿನ ಕೆಳಗೆ ಈ ಸಾಲನ್ನೂ ಬರೆಯಲಿ: ಮೂರು ತಿಂಗಳಿಗೊಮ್ಮೆ ಟ್ಯಾಂಕಿಗೆ ಅರ್ಧ ಪಾಳಿ. ದಸರೆಯ ಬಣ್ಣದ ಡಬ್ಬಿ ಆ ಅರ್ಧ ಪಾಳಿ ಮುಗಿದ ಮೇಲೆ ತೆರೆಯಲಿ.