ಸಿಡಿಲಿನ ಬೆಂಕಿಯೂ ಮನುಷ್ಯನ ಹಟವೂ

ಕಾಡಿಗೆ ಬೆಂಕಿ ಬಿದ್ದರೆ ಆರಿಸಬೇಕು. ಇದರಲ್ಲಿ ವಾದಕ್ಕೆ ಎಡೆಯೆಲ್ಲಿ? ಹೀಗೆ ಕೇಳುವವರು ನೂರಕ್ಕೆ ತೊಂಬತ್ತೊಂಬತ್ತು ಮಂದಿ. ಉಳಿದ ಒಬ್ಬನ ಪಕ್ಷವನ್ನು ಹಿಡಿದು ನಾಲ್ಕು ಮಾತು ಬರೆಯಲು ಹೊರಟಿದ್ದೇನೆ. ವಾಚಕರು ಕೊನೆಯವರೆಗೆ ಓದಿ ಆಮೇಲೆ ಬೈಯಬಹುದು.

2025ರ ಜುಲೈ 4ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಮಹಾಕಮರಿಯ ಉತ್ತರ ದಂಡೆಯ ಕಾಡಿನಲ್ಲಿ ಸಿಡಿಲೆರಗಿ ಒಂದು ಬೆಂಕಿ ಹುಟ್ಟಿತು. ಅಧಿಕಾರಿಗಳು ಅದರ ಮೇಲೆ ಮುಗಿಬೀಳದೆ, ಒಂದು ಎಲ್ಲೆಯೊಳಗೆ ಹಿಡಿದಿಟ್ಟು ಉರಿಯಗೊಟ್ಟರು. ವಾರ ಕಳೆಯಿತು, ಗಾಳಿ ಎದ್ದಿತು, ಬೆಂಕಿ ಎಲ್ಲೆ ದಾಟಿ, ಕಮರಿಯ ಅಂಚಿನಲ್ಲಿದ್ದ ಹೆಸರಾಂತ ಪ್ರವಾಸಿ ವಸತಿಗೃಹವನ್ನೂ ಸುತ್ತಲಿನ ಹತ್ತಾರು ಕಟ್ಟಡಗಳನ್ನೂ ಬೂದಿ ಮಾಡಿತು. ಜೀವಹಾನಿಯಾಗಲಿಲ್ಲ, ಆದರೆ 1,40,000ಕ್ಕೂ ಹೆಚ್ಚು ಎಕರೆ ನೆಲ ಸುಟ್ಟಿತು. ಆ ರಾಜ್ಯದ ಗವರ್ನರೇ ತನಿಖೆಯಾಗಬೇಕೆಂದರು. "ಕಿಡಿಯಾಗಿದ್ದಾಗಲೇ ಆರಿಸಬಾರದಿತ್ತೆ?" ಎಂಬ ಕೂಗು ನಾಲ್ಕು ದಿಕ್ಕಿನಿಂದಲೂ ಎದ್ದಿತು.

ಈ ಕೂಗು ನಮ್ಮೂರುಗಳಲ್ಲಿಯೂ ಕೇಳಿಬರುವುದು ಸಹಜ. ಮಗನೋ ಮಗಳೋ ಕ್ಯಾಲಿಫೋರ್ನಿಯದಲ್ಲಿರುವ ಮನೆಗಳು ಬೆಂಗಳೂರು, ಮೈಸೂರುಗಳಲ್ಲಿ ಬೀದಿಗೆ ನಾಲ್ಕಿವೆ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಹಗಲೇ ಆಕಾಶ ಕಿತ್ತಳೆಬಣ್ಣಕ್ಕೆ ತಿರುಗಿದ ಚಿತ್ರಗಳನ್ನು ನೋಡಿ, ಇಲ್ಲಿಯ ತಾಯಿತಂದೆಗಳು ಉಸಿರು ಬಿಗಿಹಿಡಿದಿದ್ದರು. ಆ ವರ್ಷದ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಸಾವಿರಾರು ಸಿಡಿಲು, ಮಳೆಯ ಹನಿಯಿಲ್ಲದೆ, ಒಣಗಿದ ಕಾಡುಗಳ ಮೇಲೆ ಬಿದ್ದಿದ್ದವು. ಬರಸಿಡಿಲೆಂಬ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆ ಬೆಂಕಿಗಳಲ್ಲಿ ಹಲವು ಕೂಡಿಕೊಂಡು ಆದ 'ಆಗಸ್ಟ್ ಕಾಂಪ್ಲೆಕ್ಸ್' ಎಂಬುದೊಂದೇ ಹತ್ತು ಲಕ್ಷ ಎಕರೆಗಿಂತ ಹೆಚ್ಚು ಸುಟ್ಟಿತು. ಇಂಥದನ್ನು ಕಂಡವರು "ಆರಿಸಿ, ಆರಿಸಿ" ಎಂದರೆ ತಪ್ಪೆಣಿಸಲಾಗದು. ಆದರೆ ಆ ಕೂಗಿಗೆ ಸರ್ಕಾರಗಳು ತಲೆಬಾಗಿದುದರಿಂದಲೇ ಈ ಸ್ಥಿತಿ ಬಂದಿತೆಂಬುದು ನನ್ನ ವಾದ.

ನನ್ನ ಮಾತು ಇಷ್ಟೆ: ಜನವಸತಿಗೆ ದೂರವಾದ, ಸಾರ್ವಜನಿಕರ ಸ್ವತ್ತಾದ ಮಹಾರಣ್ಯದಲ್ಲಿ ಸಿಡಿಲು ಹಚ್ಚಿದ ಬೆಂಕಿಯನ್ನು ಕಂಡಕಂಡಲ್ಲಿ ಆರಿಸುವುದು ರಕ್ಷಣೆಯಲ್ಲ, ಸಾಲ. ಇಂದು ಉರಿಯಬೇಕಾದ ತರಗೆಲೆಯನ್ನು, ಒಣಕಡ್ಡಿಯನ್ನು ನಾಳಿನ ಲೆಕ್ಕಕ್ಕೆ ಬರೆದಿಡುವುದು. ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ತೀರಿಸುವವರು ಸಾಲ ಮಾಡಿದವರಲ್ಲ. ಇಪ್ಪತ್ತು-ಇಪ್ಪತ್ತೈದರ ಹರೆಯದಲ್ಲಿ ಗುದ್ದಲಿ ಹಿಡಿದು ಬೆಟ್ಟ ಹತ್ತುವ ಹುಡುಗರು.

ಈ ಸಾಲದ ಪತ್ರ ಬರೆದ ಕಾಲ ಯಾವುದೆಂದು ನೋಡೋಣ. 1910ರ ಆಗಸ್ಟಿನಲ್ಲಿ ಐಡಹೋ, ಮೊಂಟಾನ ಪ್ರಾಂತಗಳಲ್ಲಿ ಎರಡೇ ದಿನಗಳ ಬಿರುಗಾಳಿಗೆ ಸುಮಾರು 30 ಲಕ್ಷ ಎಕರೆ ಕಾಡು ಉರಿದು, ಬೆಂಕಿ ಆರಿಸಲು ಹೋದವರೇ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಆಗಿನ್ನೂ ಎಳೆಯದಾಗಿದ್ದ ಅಮೆರಿಕದ ಅರಣ್ಯ ಇಲಾಖೆ ಆ ಆಘಾತದಿಂದ ಕಲಿತ ಪಾಠ ಒಂದೇ: ಬೆಂಕಿ ಶತ್ರು. 1935ರಲ್ಲಿ ಇಲಾಖೆಯ ಮುಖ್ಯಸ್ಥ ಸಿಲ್ಕಾಕ್ಸ್ ಒಂದು ವಿಧಿಯನ್ನು ಹೊರಡಿಸಿದ. ಎಲ್ಲಿಯೇ ಬೆಂಕಿ ಕಾಣಲಿ, ಮರುದಿನ ಬೆಳಗಿನ ಹತ್ತು ಗಂಟೆಯೊಳಗೆ ಅದು ಹತೋಟಿಗೆ ಬರಬೇಕು. ಆಗದಿದ್ದರೆ ಅದರ ಮರುದಿನ ಹತ್ತು ಗಂಟೆಯೊಳಗೆ. ಊರ ಮಗ್ಗುಲಿನ ಬೆಂಕಿಗೂ, ಎಂಟು ದಿನ ನಡೆದರೂ ಮನುಷ್ಯನ ಸುಳಿವು ಕಾಣದ ಕಾಡಿನ ಬೆಂಕಿಗೂ ಒಂದೇ ವಿಧಿ. ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಸಿಡಿಲಿನ ಕಡತವೂ ಮುಚ್ಚಿರಬೇಕೆಂಬ ಈ ಹಟಕ್ಕೆ ನಗುವುದೋ ಅಳುವುದೋ ತಿಳಿಯದು.

ರಸ್ತೆಯಿಲ್ಲದ ಕಾಡನ್ನು ಮುಟ್ಟಲು ದಾರಿ ಬೇಕಲ್ಲವೆ? 1940ರಿಂದ ವಿಮಾನಗಳಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವ ದಳಗಳು ಬಂದವು. 1949ರ ಆಗಸ್ಟ್ 5ರಂದು ಮೊಂಟಾನದ ಮಿಸ್ಸೂರಿ ನದಿಯ ದಂಡೆಯ ಮ್ಯಾನ್ ಗಲ್ಚ್ ಎಂಬ ಕೊರಕಲಿನಲ್ಲಿ ಅಂಥ 15 ಮಂದಿ ಇಳಿದರು. ಅಲ್ಲಿ ಊರಿರಲಿಲ್ಲ, ಹೊಲವಿರಲಿಲ್ಲ. ಹಿಂದಿನ ದಿನ ಬಿದ್ದ ಸಿಡಿಲಿನ ಬೆಂಕಿಯಿತ್ತು, ಇಲಾಖೆಯ ವಿಧಿಯಿತ್ತು. ಅವರ ರೇಡಿಯೋ ಧುಮುಕುವಾಗಲೇ ಒಡೆದುಹೋಯಿತು. ನೆಲದ ಮೇಲಿದ್ದ ಅರಣ್ಯ ಕಾವಲುಗಾರನೊಬ್ಬ ಜೊತೆಗೂಡಿದ. ಎದುರು ದಿಣ್ಣೆಯಲ್ಲಿದ್ದ ಬೆಂಕಿ ಕೊರಕಲನ್ನು ದಾಟಿ, ಒಣಹುಲ್ಲಿನ ಏರಿನಲ್ಲಿ ಇವರ ಬೆನ್ನು ಹತ್ತಿತು. ಓಡುವವನಿಗಿಂತ ಏರು ಹತ್ತುವ ಬೆಂಕಿಯ ಕಾಲು ಚುರುಕು. ದಳದ ನಾಯಕ ಡಾಡ್ಜ್ ಆಗ ಯಾರೂ ನೆನೆಯದ ಕೆಲಸ ಮಾಡಿದ: ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಅದು ಸುಟ್ಟ ಕರಿನೆಲಕ್ಕೆ ಬನ್ನಿರೆಂದು ಹುಡುಗರನ್ನು ಕರೆದ. ನಾಯಕನಿಗೆ ಬುದ್ಧಿಭ್ರಮಣೆಯಾಯಿತೆಂದುಕೊಂಡರೋ ಏನೋ, ಯಾರೂ ಬರಲಿಲ್ಲ. ಅವನು ಬೂದಿಯಲ್ಲಿ ಬೋರಲು ಮಲಗಿ ಬದುಕಿದ. ಇಬ್ಬರು ಬಂಡೆಯ ಸೀಳಿನಲ್ಲಿ ನುಸುಳಿ ಉಳಿದರು. 13 ಮಂದಿ ಸತ್ತರು.

ಉರಿದ ನೆಲವೇ ಉರಿಯುವ ಬೆಂಕಿಗೆ ತಡೆ ಎಂಬ ಸತ್ಯವನ್ನು ಡಾಡ್ಜ್ ಆ ಗಳಿಗೆಯಲ್ಲಿ ಕಂಡುಕೊಂಡ. ಅದನ್ನು ನೀತಿಯಾಗಿ ಒಪ್ಪಿಕೊಳ್ಳಲು ಇಲಾಖೆಗೆ ಇನ್ನೂ 29 ವರ್ಷ ಬೇಕಾಯಿತು. ಹತ್ತು ಗಂಟೆಯ ವಿಧಿ ರದ್ದಾದದ್ದು 1978ರಲ್ಲಿ. ವಿಧಿ ಹೋದರೂ ಚಾಳಿ ಹೋಗಲಿಲ್ಲ. 1994ರ ಜುಲೈನಲ್ಲಿ ಕೊಲರಾಡೋದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಸಿಡಿಲಿನ ಬೆಂಕಿಗೆ 14 ಮಂದಿ ಬಲಿಯಾದರು. 2003ರಲ್ಲಿ ಐಡಹೋದ ದುರ್ಗಮ ಕಾಡಿನಲ್ಲಿ, ಹೆಲಿಕಾಪ್ಟರು ಇಳಿಯಲು ಜಾಗ ಕಡಿಯಲೆಂದು ಬಿಟ್ಟಿದ್ದ ಇಬ್ಬರು ಸತ್ತರು. ಯಾವ ಮರದ ಬೆಲೆ ಈ ಹುಡುಗರ ಬೆಲೆಗೆ ಸಮ?

"ಮರದ ಬೆಲೆಯಲ್ಲ, ಕಾಡು ಉಳಿಯಬೇಕಲ್ಲ" ಎನ್ನುವವರಿಗೆ ಕಾಡೇ ಉತ್ತರ ಹೇಳಿದೆ. ಸಿಯೆರ್ರಾ ನೆವಾಡಾ ಪರ್ವತದ ಸಿಕೋಯಾ ಮರಗಳು ಜಗತ್ತಿನ ಅತಿ ದೊಡ್ಡ ಮರಗಳು. ಕೆಲವಕ್ಕೆ ಮೂರು ಸಾವಿರ ವರ್ಷಗಳ ಆಯುಸ್ಸು. ಅವುಗಳ ಕಾಂಡದಲ್ಲಿ ಹಳೆಯ ಬೆಂಕಿಯ ಗಾಯಗಳು ಒಂದರ ಮೇಲೊಂದು ಲೆಕ್ಕ ಬರೆದಂತಿವೆ. ದಪ್ಪ ತೊಗಟೆ ಬೆಂಕಿಯನ್ನು ತಡೆಯುತ್ತದೆ. ಬೆಂಕಿಯ ಕಾವಿಗೆ ಕಾಯಿಗಳು ಬಿರಿದು, ಬೂದಿಯ ಮೆತ್ತನೆಯ ನೆಲದಲ್ಲಿ ಬೀಜ ಮೊಳೆಯುತ್ತದೆ. ಹೀಗೆ ಬೆಂಕಿಯೊಡನೆ ಬಾಳುವೆ ಮಾಡಿದ ಮರಗಳು 2020ರಲ್ಲಿ ಸಿಡಿಲು ಹಚ್ಚಿದ ಕ್ಯಾಸಲ್ ಬೆಂಕಿಯಲ್ಲಿ ಸಾವಿರಗಟ್ಟಲೆ ಸತ್ತವು. ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಯ ಅಂದಾಜಿನಂತೆ, ಹುಟ್ಟುನೆಲದಲ್ಲಿದ್ದ ದೊಡ್ಡ ಸಿಕೋಯಾಗಳಲ್ಲಿ ನೂರಕ್ಕೆ 10ರಿಂದ 14ರಷ್ಟು ಅದೊಂದೇ ಬೆಂಕಿಗೆ ಹೋದವು. ಸಿಡಿಲು ಹೊಸತೆ? ಅಲ್ಲ. ಬರಗಾಲವೂ ಹೆಚ್ಚಿದ ಬಿಸಿಲೂ ಕಾರಣವೆಂಬುದು ನಿಜ. ಆದರೆ ನೂರು ವರ್ಷ ಬೆಂಕಿಯಿಲ್ಲದೆ ಆ ಮರಗಳ ಬುಡದಲ್ಲಿ ಒತ್ತಾಗಿ ಬೆಳೆದ ಎಳೆಯ ಮರಗಳೂ ರಾಶಿಬಿದ್ದ ಸೌದೆಯೂ ಹೊಸವು. ನೆಲದಲ್ಲಿ ಹರಿದಾಡಬೇಕಾಗಿದ್ದ ಬೆಂಕಿಗೆ ಅವು ಏಣಿ ಇಟ್ಟು ತಲೆಯವರೆಗೆ ಹತ್ತಿಸಿದವು.

ಅದೇ ಪರ್ವತದ ಇನ್ನೊಂದು ಮೂಲೆಯನ್ನು ನೋಡಿ. ಯೊಸೆಮಿಟಿ ಉದ್ಯಾನದ ಇಲ್ಲಿಲುಎಟ್ ಹೊಳೆಯ ಕಣಿವೆಯಲ್ಲಿ 1970ರ ದಶಕದಿಂದ ಸಿಡಿಲಿನ ಬೆಂಕಿಗಳನ್ನು ಬಹುಮಟ್ಟಿಗೆ ಉರಿಯಗೊಟ್ಟರು. ದಟ್ಟ ಕಾಡು ಹೆಚ್ಚುಕಡಮೆ ಕಾಲುಭಾಗ ಕುಗ್ಗಿತು. ಆ ಜಾಗದಲ್ಲಿ ಹುಲ್ಲುಗಾವಲು, ಪೊದೆಗಾಡು, ಜೌಗು ಬಂದವು. ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ವಾಂಸರು ಅಳೆದು ನೋಡಿದಾಗ, ಮರ ಕಡಮೆಯಾದುದರಿಂದ ನೆಲದಲ್ಲಿ ತೇವ ಹೆಚ್ಚಿದುದು ಕಂಡಿತು. ಬರಗಾಲದಲ್ಲಿ ಸುತ್ತಲಿನ ಕಾಡುಗಳಷ್ಟು ಮರಗಳು ಇಲ್ಲಿ ಸಾಯಲಿಲ್ಲ. ಒಂದು ಬೆಂಕಿ ಹಿಂದಿನ ಬೆಂಕಿಯ ಗುರುತನ್ನು ಮುಟ್ಟಿ, ಮೇವಿಲ್ಲದೆ ತಾನಾಗಿ ನಿಲ್ಲುತ್ತಿತ್ತು. ಡಾಡ್ಜ್ ಹುಲ್ಲಿನಲ್ಲಿ ಮಾಡಿದುದನ್ನು ಸಿಡಿಲು ಒಂದು ಕಣಿವೆಗೆಲ್ಲ ಮಾಡಿಕೊಟ್ಟಿತ್ತು.

ನಾನು ಕನ್ನಡ ಪಾಠ ಹೇಳುವವನು. ಪಂಪಭಾರತದ ಖಾಂಡವದಹನವನ್ನು ಪಾಠ ಮಾಡುವಾಗಲೆಲ್ಲ ವ್ಯಾಸಭಾರತದ ಒಂದು ವಿವರ ನೆನಪಾಗುತ್ತದೆ. ಅಗ್ನಿ ಆ ವನಕ್ಕೆ ಏಳು ಸಲ ಹತ್ತಿದ. ಏಳು ಸಲವೂ ಆನೆಗಳು ಸೊಂಡಿಲಿನಿಂದ, ನಾಗಗಳು ಹೆಡೆಗಳಿಂದ ನೀರೆರೆದು ಆರಿಸಿದವು. ಆಮೇಲೆ ಕೃಷ್ಣಾರ್ಜುನರ ಬೆಂಬಲದಿಂದ ಹತ್ತಿದಾಗ ಉಳಿದ ಜೀವಗಳು ಆರೇ ಆರು. ಕಥೆಯ ಕಾರಣಗಳು ಬೇರೆ. ಅದನ್ನು ಅರಣ್ಯಶಾಸ್ತ್ರವೆಂದು ನಾನು ಮಾರುತ್ತಿಲ್ಲ. ಆದರೆ ಏಳು ಸಲ ತಡೆದ ಹಸಿವು ಎಂಟನೆಯ ಸಲ ಏನನ್ನೂ ಉಳಿಸಲಿಲ್ಲವೆಂಬುದನ್ನು ಹೇಳಲು ನಮ್ಮ ಹಿರಿಯರು ಉಪಗ್ರಹದ ಚಿತ್ರಗಳಿಗಾಗಿ ಕಾಯಬೇಕಾಗಿರಲಿಲ್ಲ.

ಇನ್ನು ಎದುರುಪಕ್ಷದ ಬಲವಾದ ಮಾತು. ಬಿಟ್ಟ ಬೆಂಕಿ ಕೈಮೀರುವುದಿಲ್ಲವೆ? ಮೀರುತ್ತದೆ. ಗ್ರ್ಯಾಂಡ್ ಕ್ಯಾನಿಯನ್ನಿನದನ್ನು ಮೊದಲೇ ಹೇಳಿದೆ. 2021ರ ಜುಲೈ 4ರಂದು ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಟ್ಯಾಮರಾಕ್ ಬೆಂಕಿಯೂ ಹಾಗೆಯೇ. ಬಂಡೆಗಳ ನಡುವೆ ಕಾಲು ಎಕರೆಯಷ್ಟಿದ್ದುದು ಹನ್ನೆರಡು ದಿನದ ಮೇಲೆ ಎದ್ದು, 68,000 ಎಕರೆ ಸುಟ್ಟು, ಮನೆಗಳನ್ನೂ ನುಂಗಿತು. ಮನೆ ಕಳೆದುಕೊಂಡವರ ಮುಂದೆ ನಿಂತು ಕಾಡಿನ ಹಿತ ಬೋಧಿಸುವ ಧೈರ್ಯ ನನಗಿಲ್ಲ, ಯಾರಿಗೂ ಇರಬಾರದು. ಆದ್ದರಿಂದಲೇ ಉರಿಯಗೊಡುವುದೆಂದರೆ ಕೈಕಟ್ಟಿ ಕೂಡುವುದಲ್ಲ. ಊರಿನ ಕಡೆಯ ಮಗ್ಗುಲನ್ನು ಮೊದಲೇ ಕಡಿದು ತೆರವು ಮಾಡಬೇಕು. ಗಾಳಿಯ, ಒಣಗಿನ ಲೆಕ್ಕವನ್ನು ದಿನವೂ ನೋಡಬೇಕು. ಬರಗಾಲದ ನಡುಬೇಸಗೆಯಲ್ಲಿ ಬೇಡವೆನ್ನಲೂ ಬೇಕು. ಆ ಎರಡು ಪ್ರಸಂಗಗಳಲ್ಲಿ ವಿಚಾರಣೆ ನಡೆಯಬೇಕಾದುದು ದಿನದ, ಜಾಗದ ಆಯ್ಕೆಯ ಬಗೆಗೆ, ತತ್ವದ ಬಗೆಗಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ರೋಗಿ ಸತ್ತನೆಂದು ಆಸ್ಪತ್ರೆಗಳಿಂದ ಕತ್ತಿಗಳನ್ನೆಲ್ಲ ಎಸೆಯುತ್ತಾರೆಯೆ?

ಆದರೆ ಆದದ್ದೇನು? ಟ್ಯಾಮರಾಕಿನ ಕೂಗೆದ್ದ ಕೂಡಲೇ, 2021ರ ಆಗಸ್ಟಿನಲ್ಲಿ, ಇಲಾಖೆಯ ಮುಖ್ಯಸ್ಥರು ಆ ಋತುವಿಗೆ ಕಾಡಿನ ಹಿತಕ್ಕಾಗಿ ಬೆಂಕಿಯನ್ನು ಉರಿಯಗೊಡುವುದನ್ನೇ ನಿಲ್ಲಿಸಿದರು. ಬೆಂಕಿ ಕಂಡ 24 ಗಂಟೆಯೊಳಗೆ ಆರಿಸಬೇಕೆಂಬ ಮಸೂದೆ 2022ರಲ್ಲಿ ಅಲ್ಲಿಯ ಸಂಸತ್ತಿನಲ್ಲಿ ಮಂಡನೆಯಾಯಿತು. ಹತ್ತು ಗಂಟೆಯ ವಿಧಿ ಹೊಸ ಅಂಗಿ ತೊಟ್ಟು ಬಂದಿತು, ಅಷ್ಟೆ.

ಏಕೆ ಹೀಗೆ? ಇಲ್ಲಿ ಮುಖ್ಯವಾದ ಗಂಟಿದೆ. ಉರಿಯಗೊಟ್ಟ ಬೆಂಕಿ ಒಂದು ಮನೆ ಸುಟ್ಟರೆ ಅಪ್ಪಣೆ ಕೊಟ್ಟ ಅಧಿಕಾರಿಯ ಹೆಸರು ಮರುದಿನ ಪತ್ರಿಕೆಯಲ್ಲಿ. ಉರಿಯಬೇಕಾಗಿದ್ದ ನೂರು ಬೆಂಕಿಗಳನ್ನು ಆರಿಸಿದವನಿಗೆ ಬಡ್ತಿ, ಬೀಳ್ಕೊಡುಗೆ, ಹಾರ. ಅವನು ಕೂಡಿಟ್ಟ ಸೌದೆ ಮೂವತ್ತು ವರ್ಷದ ಮೇಲೆ ಹತ್ತಿಕೊಂಡಾಗ ಅವನನ್ನು ಯಾರೂ ಕೇಳುವುದಿಲ್ಲ. ಆಗ ಕೇಳುವುದು ಸಿಡಿಲನ್ನು. ಆರಿಸಿದ ತಪ್ಪಿಗೆ ವಿಚಾರಣೆಯಿಲ್ಲದ ದೇಶದಲ್ಲಿ ಯಾವ ಜಾಣ ಅಧಿಕಾರಿ ತಾನೆ ಆರಿಸದೆ ಬಿಟ್ಟಾನು? ಹುಟ್ಟುವ ಬೆಂಕಿಗಳಲ್ಲಿ ನೂರಕ್ಕೆ 97-98ನ್ನು ಆ ಇಲಾಖೆ ಆರಂಭದಲ್ಲಿಯೇ ಆರಿಸುತ್ತದೆ. ಕೈಗೆ ಸಿಕ್ಕದ ಎರಡು ಮೂರೇ ದೇಶವನ್ನು ಸುಡುತ್ತವೆ. ಎಂದರೆ, ಸೌಮ್ಯವಾದ ದಿನದಲ್ಲಿ ಮೆಲ್ಲಗೆ ಉರಿಯುವ ಬೆಂಕಿಯನ್ನೆಲ್ಲ ಆರಿಸಿ, ಬಿರುಗಾಳಿಯ ದಿನದ ಬೆಂಕಿಯನ್ನು ಮಾತ್ರ ಕಾಡಿಗೆ ಉಳಿಸಿಕೊಟ್ಟಂತಾಯಿತು. 1995ರಲ್ಲಿ ಇಲಾಖೆಯ ವೆಚ್ಚದಲ್ಲಿ ನೂರಕ್ಕೆ 16 ಪಾಲು ಬೆಂಕಿಗೆ ಹೋಗುತ್ತಿತ್ತು. 2015ರಲ್ಲಿ ಅರ್ಧವನ್ನು ಮೀರಿತು. ಕಾಡನ್ನು ನೋಡಿಕೊಳ್ಳಲಿದ್ದ ಹಣವನ್ನು ಬೆಂಕಿಯೊಡನೆ ಸೆಣಸಾಡುವುದೇ ನುಂಗಿತು.

ಈ ಬರಹವನ್ನು ಓದಿ ಯಾರಾದರೂ "ಹಾಗಾದರೆ ನಮ್ಮ ಬಂಡೀಪುರದಲ್ಲಿಯೂ ಉರಿಯಲಿ" ಎಂದಾರೆಂಬ ಭಯ ನನಗಿದೆ. ಅದಕ್ಕೆ ಇಲ್ಲಿಯೇ ತಡೆ ಹಾಕುತ್ತೇನೆ. ನಮ್ಮಲ್ಲಿ ಸಿಡಿಲು ಸಾಮಾನ್ಯವಾಗಿ ಮಳೆಯನ್ನು ಕೈಹಿಡಿದೇ ಬರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದು ಸಿಡಿಲಿನಿಂದಲ್ಲ, ಮನುಷ್ಯನ ಕೈಯಿಂದ. ಕಾಡಿಗೆ ಕಡ್ಡಿ ಗೀರುವವನಿಗೆ ನನ್ನ ವಾದದಲ್ಲಿ ಆಸರೆಯಿಲ್ಲ. ಆದರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ ನೋಡಿ: ವರ್ಷದ ಆರಂಭದಲ್ಲಿ ತಾವು ಹಚ್ಚುತ್ತಿದ್ದ ಸಣ್ಣ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ಮುಚ್ಚಿತೆಂದು ಹೇಳುತ್ತಾರೆ. ಬೆಂಕಿಯಲ್ಲಿ ಬಗೆಯುಂಟು, ಹೊತ್ತುಂಟು, ಎಡೆಯುಂಟು. ಅವನ್ನು ಅರಿಯದ ನೀತಿ ಅಲ್ಲಿಯೂ ಕುರುಡು, ಇಲ್ಲಿಯೂ ಕುರುಡು.

ಮುಂದಿನ ಬೇಸಗೆಯಲ್ಲಿ ಮತ್ತೆ ಆ ದೇಶದ ಯಾವುದೋ ದೂರದ ಬೆಟ್ಟದ ಮೇಲೆ ಸಿಡಿಲು ಬೀಳುತ್ತದೆ, ಸುದ್ದಿ ನಮ್ಮ ಪತ್ರಿಕೆಗಳಿಗೂ ಬರುತ್ತದೆ. "ಏಕೆ ಆರಿಸಲಿಲ್ಲ?" ಎಂದು ಕೇಳುವ ಮುನ್ನ ಎರಡು ಪ್ರಶ್ನೆ ಕೇಳೋಣ: ಅಲ್ಲಿ ಯಾರ ಮನೆಯಿದೆ? ಆರಿಸಲು ಯಾರ ಮಗನನ್ನು ಕಳಿಸಬೇಕು? ಮೊದಲನೆಯದಕ್ಕೆ "ಯಾರದೂ ಇಲ್ಲ" ಎಂಬುದು ಉತ್ತರವಾದರೆ, ಎರಡನೆಯದಕ್ಕೂ ಅದೇ ಉತ್ತರವಾಗಲಿ.