ಹಳೇ ವಾಡೆಯನ್ನು ಒಡೆದು ಹಲವು ಮನೆ ಮಾಡಬಹುದೇ?

ಪರ

ದೇಸಾಯರ ಸಂಸಾರ, ಕಂದಾಯದ ಲೆಕ್ಕ, ನೆಲದಡಿಯ ಹಗೇವಿನ ಜೋಳ ಎಲ್ಲಕ್ಕೂ ವಾಡೆಯೆಂಬ ದೊಡ್ಡ ಮನೆಯೇ ನೆಲೆಯಾಗಿತ್ತು. ಬ್ಯಾಂಕುಗಳು ಕಾಲಿಡುವ ಮುಂಚೆ ಸುತ್ತಲಿನ ಹಳ್ಳಿಗಳ ಖಜಾನೆಯೂ ಅದೇ ಆಗಿತ್ತು. ಮಂದಿ ತುಂಬಿರಲೆಂದು ಕಟ್ಟಿದ್ದು ಮಂದಿ ಬಿಟ್ಟಮೇಲೆ ಬಹಳ ದಿನ ನಿಲ್ಲುವುದಿಲ್ಲ. ಬೈಲಹೊಂಗಲ, ಸವದತ್ತಿ ಸೀಮೆಯ ಮಣ್ಣಿನ ಮಾಳಿಗೆಗೆ ಮುಂಗಾರಿಗೆ ಮೊದಲೇ ಮಣ್ಣು ಬೀಳಬೇಕು. ತಪ್ಪಿದರೆ ನೀರು ಜಂತಿಗಿಳಿಯುತ್ತದೆ, ಹಿಂದೆಯೇ ಗೆದ್ದಲು ತೊಲೆಗೆ ಹತ್ತುತ್ತದೆ. ಕಿತ್ತೂರಿನ ಅರಮನೆಯಲ್ಲಿ ಇಂದು ಉಳಿದಿರುವುದು ಸೂರಿಲ್ಲದ ಗೋಡೆಗಳು. ಅದು 1824ರ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಪಾಲಾದದ್ದರ ಫಲ, ಮನೆ ಬರಿದಾದದ್ದರದಲ್ಲ ಎನ್ನುವವರುಂಟು. ಯುದ್ಧ ಸೂರು ಕೆಡವಿರಬಹುದು; ಮತ್ತೆ ಹೊದಿಸುವ ಒಡೆಯನೂ ಉಳಿಯಲಿಲ್ಲವಲ್ಲ! ಇನ್ನು ಸರ್ಕಾರವೇ ಕಾಪಾಡಲಿ ಎಂದರೆ, ಊರಿಗೊಂದು ವಾಡೆಯಿರುವ ಸೀಮೆಯಲ್ಲಿ ಎಲ್ಲಕ್ಕೂ ಕಾವಲುಗಾರನನ್ನು ಇಡುವವರಾರು? ಆಸ್ತಿಯನ್ನೇ ವಿದ್ಯೆಗೆ ಬರೆದಿಟ್ಟ ಸಿರಸಂಗಿಯ ದೇಸಾಯಿ ಲಿಂಗರಾಜರಂಥವರು ಎಲ್ಲ ಮನೆತನಗಳಲ್ಲೂ ಹುಟ್ಟುವುದಿಲ್ಲ. ಉಳಿದವರಿಗೆ ವಾಡೆಯನ್ನು ಹಲವು ಮನೆ ಮಾಡಿ ಮಾರುವುದು, ಇಲ್ಲವೇ ಬಾಡಿಗೆಗೆ ಕೊಡುವುದೇ ದಾರಿ.

ವಿರೋಧ

ವಾಸಕ್ಕೆ ಯಾರ ತಕರಾರೂ ಇಲ್ಲ, ತಕರಾರಿರುವುದು ಪಾಲಿಗೆ. ವಿಲಾಯತಿಯಲ್ಲಿ ಮುಚ್ಚಿದ ಬ್ಯಾಂಕುಗಳನ್ನು ಮನೆ ಮಾಡುತ್ತಾರೆ, ನಮಗೇಕೆ ಆಗದು ಎಂಬ ವಾದ ಕೇಳಲು ಚೆಂದ. ಆ ಕಲ್ಲುಗಾರೆಯ ಗೋಡೆ ನೀರಿನ ಪೈಪನ್ನು ತಾಳೀತು, ನಮ್ಮ ವಾಡೆಯ ಮಣ್ಣಿನ ಗೋಡೆ ತಾಳದು. ನಾಲ್ಕು ಸಂಸಾರವೆಂದರೆ ನಾಲ್ಕು ಬಚ್ಚಲು, ನಾಲ್ಕು ಪಾಯಿಖಾನೆ. ಪಡಸಾಲೆಯ ಕಂಬಗಳ ನಡುವೆ ಇಟ್ಟಿಗೆ ಗೋಡೆ ಏಳುತ್ತದೆ, ಬೆಳಕಿಂಡಿ ಮುಚ್ಚುತ್ತದೆ, ಮೇಲೆ ಸಿಮೆಂಟಿನ ಗಿಲಾವು. ಒಳಗಿನ ತೇವ ಹೊರಬರಲಾಗದೆ ಮಣ್ಣು ಬುಡದಿಂದಲೇ ಸಡಿಲವಾಗುತ್ತದೆ. ತೇವಕ್ಕೆ ಮಣ್ಣಿನ ಗೋಡೆ ಹೇಗೆ ಕುಸಿಯುತ್ತದೆ ಎಂಬುದನ್ನು 2019ರ ಆಗಸ್ಟಿನ ಮಲಪ್ರಭೆಯ ನೆರೆಯಲ್ಲಿ ರಾಮದುರ್ಗ ತಾಲೂಕು ಕಂಡಿದೆ; ಬಚ್ಚಲ ಪೈಪು ಅದನ್ನೇ ವರ್ಷಗಟ್ಟಲೆ ಸದ್ದಿಲ್ಲದೆ ಮಾಡುತ್ತದೆ. ಹಂಪಿಯ ಬಜಾರಿನ ಸಾಲುಮಂಟಪಗಳ ಕಂಬಗಳ ನಡುವೆಯೂ ಹೀಗೆಯೇ ಗೋಡೆಯೆದ್ದು ಮನೆ, ಅಂಗಡಿಗಳಾದವು. 2011ರಲ್ಲಿ ತೆರವು ಮಾಡಿಸಿದಾಗ ಮಂಟಪಗಳೂ ಗಾಯಗೊಂಡವು, ಬಡವರೂ ಬೀದಿಗೆ ಬಿದ್ದರು. ಹಾಗಾದರೆ ಬೀಗ ಹಾಕಿ ಕೊಳೆಯಲು ಬಿಡಬೇಕೇ? ಬೇಡ. ಮಾಳಿಗೆಯ ಮಣ್ಣಿನ ಬಗ್ಗೆ ಪರವಾದಿಗಳು ಹೇಳಿದ್ದು ನಿಜವೇ. ಆದರೆ ಅದೇ ಮಣ್ಣು ಅವರ ವಾದವನ್ನು ಕೆಡಿಸುತ್ತದೆ: ಮಾಳಿಗೆ ಒಂದು, ಒಡೆಯರು ನಾಲ್ಕು ಎಂದಾದರೆ ಸೋರುವ ಮೂಲೆಯವನೊಬ್ಬನೇ ಬುಟ್ಟಿ ಹೊರುತ್ತಾನೆ. ಮಾಳಿಗೆ, ಚೌಕ, ಹೆಬ್ಬಾಗಿಲು ಪಾಲಾಗದೆ ಒಂದೇ ಸಂಘದ ಹೆಸರಿನಲ್ಲಿದ್ದು, ಬಚ್ಚಲುಗಳು ಹಿತ್ತಿಲಿನಲ್ಲಿ ಬೇರೆಯಾಗಿ ಎದ್ದರೆ ನಾಲ್ಕಲ್ಲ, ಹತ್ತು ಸಂಸಾರ ಬಂದು ಇರಲಿ. ಹೀಗೆಂದು ಕರಾರುಪತ್ರ ಬರೆದು ಸಹಿ ಬೀಳುವ ಮೊದಲು ಗೋಡೆಗೆ ಉಳಿ ತಾಗಕೂಡದು.